‘ಎಕ್ಸೈಟಬಲ್’ ಅಂದ್ರ ಮುಂಗೋಪಿ ಅಂತ ಬರೀಬಹುದೇನ್ರೀ?

ಕೊಪ್ಪಳ_ಅಕ್ಕೋರು

ಎಲ್ಲಾರಿಗೂ ನಮಸ್ಕಾರ. ಎಂಟು-ಹತ್ತು ವರ್ಷದ ಮಕ್ಕಳಿಗಂತ ಇಂಗ್ಲಿಷಿನ ಒಂದು ಕಥಿ ಕನ್ನಡಕ್ಕ ತರೋ ಕೆಲಸ ನಡದೈತಿ. ಅದರಾಗ ‘ಎಕ್ಸೈಟಬಲ್’ ಅನ್ನೋ ಗುಣವಾಚಕ ಮೂರು ಕಡೆ ಬರ್ತೈತಿ, ಮೂರೂ ಕಡೆ ಒಂದೇ ಕನ್ನಡ ಪದ ಕೂಡವಲ್ದು.

ಒಂದು, ಹುಡುಗಿಯ ಸೋದರಮಾವ. ಕಾಗದ ಬಂದ್ರ ಕುಣೀತಾನ, ಬಸ್ ತಪ್ಪಿದ್ರ ಚೀರತಾನ, ಮದುವಿ ಹಾಡು ಕೇಳಿದ್ರ ಕಣ್ಣೀರು ಹಾಕ್ತಾನ. ಎರಡು, ಬಾಜೂಮನಿ ಸಣ್ಣ ನಾಯಿ. ಮೂರು, ಕುಸ್ತಿ ನೋಡಾಕ ಕೂಡಿದ ಜನ.

ನಿಘಂಟಿನಾಗ ಸಿಕ್ಕಿದ್ದು: ಉದ್ರಿಕ್ತ, ಉದ್ವೇಗಶೀಲ, ಉದ್ರೇಕಗೊಳ್ಳುವ, ಮುಂಗೋಪಿ, ಭಾವುಕ. ‘ಮುಂಗೋಪಿ ಮಾವ’ ಅಂತ ಬರದು ನೋಡಿದ್ರ, ಮಾವ ಬರೇ ಸಿಟ್ಟಿನಾವ ಆಗಿಬಿಡ್ತಾನ. ‘ಉದ್ರಿಕ್ತ ನಾಯಿ’ ಅಂದ್ರ ಮಕ್ಕಳು ಹುಚ್ಚುನಾಯಿ ಅಂತ ತಿಳಕೋತಾವು. ಈ ಪದಗಳ ನಡುವಿನ ಫರಕು ಯಾರರ ಬಿಡಿಸಿ ಹೇಳ್ರಿ.

ಮಸ್ಕಿ_ಮಾಸ್ತರ

ಅಕ್ಕೋರ, ನಿಘಂಟು ತಪ್ಪು ಹೇಳಿಲ್ಲ. ಆದ್ರ ಎರಡು ಬ್ಯಾರೆ ಬ್ಯಾರೆ ಜಾತಿಯ ಪದಗಳನ್ನ ಒಂದೇ ಸಾಲಿನಾಗ ಕುಂದರಿಸ್ಯದ. ಮೊದಲು ಅವನ್ನ ಬ್ಯಾರೆ ಮಾಡ್ರಿ.

ಸ್ವಭಾವ ಹೇಳೋ ಪದ ಬ್ಯಾರೆ, ಆ ಹೊತ್ತಿನ ಸ್ಥಿತಿ ಹೇಳೋ ಪದ ಬ್ಯಾರೆ. ಮುಂಗೋಪಿ ನಿದ್ದಿ ಮಾಡುವಾಗಲೂ ಮುಂಗೋಪಿನೇ. ಉದ್ರಿಕ್ತ ಆದವ ಅರ್ಧ ತಾಸಿಗೆ ಸುಮ್ಮನಾದ್ರ ಉದ್ರಿಕ್ತ ಅಲ್ಲ. ಕುಪಿತ, ಕ್ರುದ್ಧ, ಕ್ಷುಬ್ಧ, ಉದ್ರಿಕ್ತ, ಉದ್ವಿಗ್ನ ಇವೆಲ್ಲ ಸಂಸ್ಕೃತದ ‘ಕ್ತ’ ಪ್ರತ್ಯಯ ಹತ್ತಿದ ರೂಪ. ಈಗಾಗಲೇ ಆಗಿದ್ದನ್ನ ಹೇಳ್ತಾವ. ಇಂಗ್ಲಿಷಿನ ‘ಎಕ್ಸೈಟೆಡ್’ ಇವಕ್ಕ ಸಮ, ‘ಎಕ್ಸೈಟಬಲ್’ ಅಲ್ಲ. ಎಕ್ಸೈಟಬಲ್ ಅಂದ್ರ ಇನ್ನೂ ಏನೂ ಆಗಿಲ್ಲ, ಆದ್ರ ಜರಾ ಮುಟ್ಟಿದ್ರ ಆಗ್ತದ ಅಂತ.

ತಿಳೀದೇ ಹೋದ್ರ ಎರಡು ಪರೀಕ್ಷಾ ಅದಾವ. ಪದದ ಹಿಂದ ಗಳಿಗಿ ಇಟ್ಟು, ಮುಂದ ‘ಆದ’ ಹಚ್ಚಿ ನೋಡ್ರಿ. ‘ಐದು ಗಂಟೆಗೆ ಆತ ಉದ್ರಿಕ್ತನಾದ’, ಸರಿ ಹೋಗ್ತದ. ‘ಐದು ಗಂಟೆಗೆ ಆತ ಮುಂಗೋಪಿಯಾದ’, ಹೋಗಂಗಿಲ್ಲ. ಈಗ ‘ಹುಟ್ಟಾ’ ಹಚ್ಚಿ ನೋಡ್ರಿ. ‘ಹುಟ್ಟಾ ಮುಂಗೋಪಿ’ ಆಗ್ತದ, ‘ಹುಟ್ಟಾ ಉದ್ರಿಕ್ತ’ ಆಗಂಗಿಲ್ಲ. ನಿಮ್ಮ ಮಾವನಿಗೆ ‘ಹುಟ್ಟಾ’ ತಡಕೊಳ್ಳೋ ಪದನೇ ಬೇಕು.

ಎರಡೂ ಕಡೆ ನಿಲ್ಲೋದು ‘ಭಾವುಕ’. ಸಂಸ್ಕೃತದ ‘ಉಕ’ ಪ್ರತ್ಯಯ ಒಲವು ಹೇಳ್ತದ, ಕಾಮುಕ ಅಂದಂಗ. ಹಿಂಗಾಗಿ ‘ಭಾವುಕ ಮನುಷ್ಯ’ ಅಂದ್ರ ಸ್ವಭಾವ. ಆದ್ರ ಪೇಪರಿನಾಗ ದಿನಾ ‘ವೇದಿಕೆಯಲ್ಲಿ ಭಾವುಕರಾದರು’ ಅಂತ ಬರ್ತದ, ಅದು ಸ್ಥಿತಿ. ‘ಆಗು’ ಹಚ್ಚಿದ್ರ ಸ್ಥಿತಿ, ಹಚ್ಚದಿದ್ರ ಸ್ವಭಾವ. ಇಷ್ಟು ನೆನಪಿಟ್ಟರ ಭಾವುಕ ಪದದಾಗ ಎಡವಂಗಿಲ್ಲ. ಒಂದು ಮಿತಿ ಮಾತ್ರ ಅದ: ಭಾವುಕ ಅಂದಕೂಡ್ಲೆ ಓದುಗರಿಗೆ ಕಣ್ಣೀರು ಕಾಣ್ತದ, ಕುಣಿಯೋದು-ಚೀರೋದು ಕಾಣಂಗಿಲ್ಲ.

ಎರಡನೇ ಮಾತು. ‘ಬೇಗ ಏಳ್ತದ’ ಅಂದ್ರ ‘ಏನು ಏಳ್ತದ’ ಅಂತ ಕನ್ನಡ ಕೇಳ್ತದ. ಸಿಟ್ಟು ಎದ್ರ ಮುಂಗೋಪಿ, ಸಿಡುಕ. ಅಳು ಬಂದ್ರ ಅಳುಬುರುಕ. ಅಂಜಿಕಿ ಬಂದ್ರ ಅಂಜುಬುರುಕ, ಪುಕ್ಕಲ. ಕೈ ಮುಂದಾದ್ರ ದುಡುಕಿನಾವ. ಎಲ್ಲಾನೂ ಹಿಡಿಯೋ ಒಂದು ನಾಮಪದ ನಮ್ಮಲ್ಲಿಲ್ಲ, ಅದನ್ನ ಹುಡುಕೋದು ಬಿಟ್ಟು ಕ್ರಿಯಾಪದದ ಕಡೆ ಹೊಳ್ಳಬೇಕು.

ಕೋಟೆಬೆಟ್ಟ_ಬಳ್ಳಾರಿ

ಮಾಸ್ತರು ಹೇಳಿದ್ದಕ್ಕೆ ‘ಮುಂಗೋಪಿ’ ಬಗ್ಗೆ ಸ್ವಲ್ಪ ಸೇರಿಸ್ತೀನಿ. ಈ ಪದವನ್ನ ಬರೀ ‘ಬಹಳ ಸಿಟ್ಟಿನವನು’ ಅಂತ ಬಳಸೋರು ಜಾಸ್ತಿ. ಅದು ಪ್ರಮಾಣ ಹೇಳೋ ಪದ ಅಲ್ಲ, ಹೊತ್ತು ಹೇಳೋ ಪದ.

ಮುಂ + ಕೋಪ, ಕಕಾರಕ್ಕೆ ಗಕಾರ ಬಂದು ಮುಂಗೋಪ. ಮುಂ + ಕಾರು ಮುಂಗಾರು ಆದ ಹಾಗೆ, ಅದೇ ಆದೇಶ ಸಂಧಿ. ಮುಂಗಾರು ಅಂದ್ರೆ ಮೊದಲು ಬರೋ ಮಳೆ, ದೊಡ್ಡ ಮಳೆ ಅಂತ ಅಲ್ಲ. ಮುಂಗೋಪವೂ ಹಾಗೇ, ವಿಚಾರಕ್ಕಿಂತ ಮುಂಚೆ ಬಂದು ನಿಲ್ಲೋ ಕೋಪ. ಹಿಂಗಾರು ಐತೆ, ಆದ್ರೆ ‘ಹಿಂಗೋಪ’ ಅನ್ನೋ ಪದ ಇಲ್ಲ. ತಡವಾಗಿ ಬಂದು ಬಹಳ ದಿನ ಉಳಿಯೋದಕ್ಕೆ ಮುನಿಸು, ಹಗೆ, ಸೇಡು ಅಂತ ಬೇರೆ ಹೆಸರುಗಳಿವೆ. ಅದಕ್ಕೇ ‘ಅವನು ಮುಂಗೋಪಿ, ಹತ್ತು ವರ್ಷದಿಂದ ತಮ್ಮನ ಜೊತೆ ಮಾತಾಡಿಲ್ಲ’ ಅಂತ ಬರೆದ್ರೆ ವಾಕ್ಯ ತನ್ನನ್ನೇ ತಾನು ಕಡಿದುಕೊಳ್ಳುತ್ತೆ. ಹುಲ್ಲಿನ ಬೆಂಕಿ ಬೇರೆ, ಹೊಟ್ಟಿನ ಬೆಂಕಿ ಬೇರೆ. ಹುಲ್ಲು ಭಗ್ಗಂತ ಹತ್ತಿ ಬೂದಿಯಾಗುತ್ತೆ. ಭತ್ತದ ಹೊಟ್ಟು ಒತ್ತಾಗಿ ಕೂತಿರುತ್ತೆ, ಗಾಳಿ ಒಳಗೆ ಹೋಗಲ್ಲ. ಉರಿ ಕಾಣಲ್ಲ, ರಾತ್ರಿಯೆಲ್ಲ ಒಳಗೇ ಸುಡ್ತಿರುತ್ತೆ. ಮುಂಗೋಪಿ ಹುಲ್ಲಿನ ಕಡೆಯವನು.

ತಮಿಳಿನಲ್ಲೂ ಇದು ‘ಮುನ್‌ಕೋಪಿ’ ಅಂತಲೇ ಇದೆ. ನಮ್ಮ ಬಳ್ಳಾರಿಯಲ್ಲಿ ತೆಲುಗು-ಕನ್ನಡ ಎರಡೂ ಆಡೋ ಮನೆಗಳಲ್ಲಿ ‘ಮುಕ್ಕೋಪಿ’ ಅನ್ನೋದು ಕೇಳಿಬರುತ್ತೆ. ತೆಲುಗಿನಲ್ಲಿ ಮುಕ್ಕು ಅಂದ್ರೆ ಮೂಗು, ‘ಮುಕ್ಕು ಮೀದ ಕೋಪಂ’ ಅನ್ನೋದು ಅವರ ನುಡಿಗಟ್ಟು. ನಮ್ಮ ‘ಮೂಗಿನ ತುದಿಯಲ್ಲೇ ಸಿಟ್ಟು’ ಅದರ ಜೋಡಿ. ಮಾತಿನಲ್ಲಿ ಎರಡೂ ಬೆರೆಯೋದರಿಂದ ಕನ್ನಡದಲ್ಲಿ ಬರೆಯುವಾಗಲೂ ಕೆಲವರು ‘ಮುಕ್ಕೋಪಿ’ ಅಂತ ಬರೀತಾರೆ. ಕನ್ನಡದಲ್ಲಿ ಮುಕ್ಕು ಅಂದ್ರೆ ಬಾಯಿ ತುಂಬ ತಿನ್ನು ಅಥವಾ ಅಂಚು ಒಡೆದದ್ದು. ಕನ್ನಡದ ಓದುಗನಿಗೆ ಮೂಗು ಕಾಣಲ್ಲ. ಬರೆಯೋದಾದ್ರೆ ಮುಂಗೋಪಿ.

ಇನ್ನೊಂದು: ‘ಕೋಪಿಷ್ಠ’. ಇಲ್ಲಿ ‘ಇಷ್ಠ’ ಅತಿಶಯದ ಪ್ರತ್ಯಯ. ಬಲಿಷ್ಠ, ಗರಿಷ್ಠ, ಕನಿಷ್ಠ ಎಲ್ಲ ಇದೇ ಸಾಲು. ಹಾಗಾಗಿ ಕೋಪಿಷ್ಠ ಪ್ರಮಾಣ ಹೇಳುತ್ತೆ, ಮುಂಗೋಪಿ ವೇಗ ಹೇಳುತ್ತೆ. ಬರೆಯುವಾಗ ಠಕಾರ ಬಿಡಬೇಡಿ, ‘ಇಷ್ಟ’ ಅನ್ನೋ ಪದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕೊಪ್ಪಳ_ಅಕ್ಕೋರು

ಹುಲ್ಲು-ಹೊಟ್ಟಿನ ಮಾತು ಭಾಳ ಛಲೋ ಆತು. ಹಂಗಾದ್ರ ಮಾವನಿಗೆ ಮುಂಗೋಪಿ ಬ್ಯಾಡ. ‘ಉದ್ವೇಗಶೀಲ’ ನಡೀತೈತೇನು? ನಾಯಿಗಂತೂ ಯಾವುದೂ ಹೊಂದವಲ್ದು. ‘ಉತ್ಸಾಹಿ ನಾಯಿ’ ಅಂತ ಬರದು ಬಿಡ್ಲೇನು?

ಎಡೆದೊರೆ_ಸೀಮೆ

ಅಕ್ಕೋರ, ‘ಶೀಲ’ ಹಚ್ಚಿದ್ದು ಸರಿ ಅದ, ಅದು ಸ್ವಭಾವ ಹೇಳೋ ಪದನೇ: ಸಹನಶೀಲ, ಕ್ರಿಯಾಶೀಲ. ತೊಡಕು ಇರೋದು ‘ಉದ್ವೇಗ’ದಾಗ. ಅದರ ಮೂಲದಾಗ ನಡುಕ ಅದ. ಉದ್ವೇಗ, ಉದ್ವಿಗ್ನ ಎರಡೂ ಒಂದೇ ಧಾತುವಿನಿಂದ ಬಂದವು. ಹಂಗಾಗಿ ಉದ್ವೇಗಶೀಲ ಅಂದ್ರ ಪರೀಕ್ಷಾ ಮುಂಚೆ ಕೈ ಬೆವರೋ ಹುಡುಗ ಕಣ್ಮುಂದ ಬರ್ತಾನ. ಮಾವ ಅಂಜೋ ಮನುಷ್ಯ ಅಲ್ಲ. (‘ಉದ್ವಿಘ್ನ’ ಅಂತ ಬರಿಯೋರು ಬಾಳ ಮಂದಿ. ವಿಘ್ನ ಅಲ್ಲ ಅದು, ಅಲ್ಪಪ್ರಾಣದ ಗಕಾರ.)

‘ಉದ್ರೇಕ’ ಮಕ್ಕಳ ಕಥಿಗೆ ಬಿಲ್ಕುಲ್ ಬ್ಯಾಡ್ರಿ. ಪದದ ಮೂಲ ಅರ್ಥ ನಿರ್ಮಲ ಅದ, ಮಿತಿ ಮೀರಿ ಹೆಚ್ಚಾಗೋದು, ತುಂಬಿ ಹೊರಗ ಬರೋದು. ಆದ್ರ ಈಗಿನ ಬಳಕಿಯಾಗ ಅದು ಕಾಮೋದ್ರೇಕದ ಕಡೆ ವಾಲ್ಯದ, ಇಲ್ಲಾಂದ್ರ ಗಲಭೆಯ ಸುದ್ದಿಯಾಗ ಕಾಣ್ತದ. ‘ಬೇಗ ಉದ್ರೇಕಗೊಳ್ಳುವ ಮಾವ’ ಅಂತ ಅಚ್ಚಾದ್ರ ತಿದ್ದೋದು ಕಷ್ಟ.

‘ಉತ್ಸಾಹಿ’ನೂ ಬ್ಯಾಡ. ಅದು ಹೊಗಳಿಕಿ, ಒಂದು ಕೆಲಸದ ಕಡೆ ಮುಖ ಮಾಡಿದ ಹುರುಪು. ಎಕ್ಸೈಟಬಲ್ ಪದದಾಗ ‘ತಡಕೊಳ್ಳಾಕ ಬರಂಗಿಲ್ಲ’ ಅನ್ನೋ ಸಣ್ಣ ದೂರು ಇರ್ತದ. ‘ಚಂಚಲ’ ಅಂದ್ರ ಒಂದರ ಮ್ಯಾಲೆ ನಿಲ್ಲದ್ದು, ಅದೂ ಬ್ಯಾರೆ. ಇನ್ನ ‘ಪಾದರಸದಂಥ’ ಅಂತ ಕೆಲವರು ಇಂಗ್ಲಿಷಿನ ‘ಮರ್ಕ್ಯುರಿಯಲ್’ ನೋಡಿ ಬರೀತಾರ. ಇಂಗ್ಲಿಷಿನಾಗ ಅದು ಗಳಿಗಿಗೊಂದು ಬಣ್ಣದ ಮನಸ್ಸು, ಕನ್ನಡದಾಗ ‘ಪಾದರಸದಂಥ ಹುಡುಗಿ’ ಅಂದ್ರ ಚುರುಕು ಹುಡುಗಿ. ಪದ ಒಂದೇ, ಅರ್ಥ ಉಲ್ಟಾ.

ಹಂಗಾದ್ರ ಏನು ಮಾಡಬೇಕು? ಮಾಸ್ತರು ಕ್ರಿಯಾಪದ ಅಂದ್ರಲ್ಲ, ಅದಕ್ಕ ಒಂದು ಪದ ಕೊಡ್ತೀನಿ: ಉಕ್ಕು.

ಕನ್ನಡದಾಗ ಏನೇನು ಉಕ್ತದ ನೋಡ್ರಿ. ಸಿಟ್ಟು ಉಕ್ತದ, ದುಃಖ ಉಕ್ಕಿ ಬರ್ತದ, ಪ್ರೀತಿ ಉಕ್ತದ, ನಗಿ ಉಕ್ತದ, ಸಂತೋಷ ಉಕ್ತದ. ಮುಂಗೋಪಿಗೆ ಇರೋ ಗಡಿ ಇದಕ್ಕಿಲ್ಲ. ಮ್ಯಾಲೆ ಹೇಳಿದ ಉದ್ರೇಕದ ಮೂಲ ಚಿತ್ರನೂ ಇದೇ, ತುಂಬಿ ಹೊರಗ ಬರೋದು. ಆದ್ರ ಉಕ್ಕಿನ ಮ್ಯಾಲೆ ಕಲಿ ಹತ್ತಿಲ್ಲ, ಮಕ್ಕಳಿಗೆ ಒಲಿ ಮ್ಯಾಲಿನ ಹಾಲು ಗೊತ್ತದ. ಹಾಲು ಹೆಂಗ ಉಕ್ತದ? ಮ್ಯಾಲೆ ಕೆನಿ ಕಟ್ಟಿರ್ತದ, ಕೆಳಗ ಎದ್ದ ಹಬಿ ಹೊರಗ ಹೋಗಾಕ ದಾರಿ ಇಲ್ಲದ ನೊರಿ ಎತ್ಕೊಂಡು ಬರ್ತದ. ಎರಡು ನಿಮಿಷ ಸುಮ್ಮನಿದ್ದ ಗಂಗಾಳ ಕಣ್ಣು ಪಿಳುಕಿಸೋದ್ರಾಗ ಒಲಿ ಮ್ಯಾಲೆ. ಉರಿ ತಗ್ಗಿಸಿದ್ರ ಅಷ್ಟೇ ಜಲ್ದಿ ಇಳೀತದ. ಎಕ್ಸೈಟಬಲ್ ಮನುಷ್ಯನ ಲಕ್ಷಣ ಪೂರಾ ಇಲ್ಲೇ ಅದ: ಏರೋದೂ ಜಲ್ದಿ, ಇಳಿಯೋದೂ ಜಲ್ದಿ.

ಇದರ ಎದುರು ಪದ ‘ಕುದಿ’. ‘ಒಳಗೊಳಗೇ ಕುದಿಯುವ’ ಮನುಷ್ಯ ಬ್ಯಾರೆ, ‘ಬೇಗ ಉಕ್ಕುವ’ ಮನುಷ್ಯ ಬ್ಯಾರೆ. ಮಾವ ಉಕ್ಕೋನು. ‘ಸಣ್ಣ ಸಣ್ಣದಕ್ಕೂ ಉಕ್ಕಿ ಬರುವ ಜೀವ’ ಅಂತ ಬರದು ನೋಡ್ರಿ.

ಮಸ್ಕಿ_ಮಾಸ್ತರ

‘ಉಕ್ಕು’ ಸರಿಯಾದ ಪದ, ಒಪ್ಪಿದೆ. ಆದ್ರ ಗುಂಪಿಗೆ ಅದು ಬ್ಯಾಡ. ‘ಉಕ್ಕಿದ ಜನ’ ಅಂದ್ರ ಜನಸಾಗರ ಉಕ್ಕಿ ಹರೀತು ಅಂತ ಸಂಖ್ಯೆ ಕಡೆ ಅರ್ಥ ಹೋಗ್ತದ. ಗುಂಪಿಗೆ ‘ಕೆರಳು’ ಹಚ್ಚಬೇಕು. ಹುಲಿ ಕೆರಳ್ತದ, ಜನ ಕೆರಳ್ತಾರ, ಕುತೂಹಲ ಕೆರಳಿಸ್ತೀವಿ. ಕೆರಳೋದಕ್ಕ ಹೊರಗಿನಿಂದ ಒಂದು ಚುಚ್ಚು ಬೇಕು, ಉಕ್ಕಾಕ ಒಳಗಿನ ಕಾವು ಸಾಕು. ಕುಸ್ತಿ ಕಣದಾಗ ಚುಚ್ಚೋದು ನಿರ್ಣಯ ಕೊಡೋನ ಕೈ. ‘ಸಣ್ಣ ಮಾತಿಗೂ ಕೆರಳುವ ಜನ’.

ಆದ್ರ ಇಲ್ಲೂ ಕಥಿ ನೋಡ್ರಿ. ಜನ ಆಗಲೇ ಎದ್ದು ಚೀರಾಕ ಹತ್ತಿದ್ರ ‘ಕೆರಳಿದ ಜನ’. ಇನ್ನೂ ಕುಂತಿದ್ದು, ಬರಿಯೋರು ‘ಹುಷಾರ್ ಇರಬೇಕು’ ಅಂತ ಹೇಳಾಕ ಹೊಂಟಿದ್ರ ‘ಕೆರಳುವ ಜನ’. ‘ಇದ’ ಮತ್ತು ‘ಉವ’, ಈ ಎರಡು ಕೃದಂತದಾಗ ಸ್ಥಿತಿ-ಸ್ವಭಾವದ ಫರಕು ಪೂರಾ ಅಡಗ್ಯದ. ಸಂಸ್ಕೃತದ ಉದ್ರಿಕ್ತ, ಉದ್ರೇಕಶೀಲ ಯಾವುದೂ ಬೇಕಾಗಂಗಿಲ್ಲ.

ಗಿಡಮೂಲಿಕೆ_ಸಿಂಧನೂರು

ವೈದ್ಯದ ಕಡೆಯಿಂದ ಒಂದು ಮಾತು, ಯಾಕಂದ್ರ ಈ ಪದಗಳ ಬೇರು ಅಲ್ಲೇ ಅದ.

‘ಪಿತ್ತ ನೆತ್ತಿಗೇರ್ಯದ’ ಅಂತ ಸಿಟ್ಟಿಗೆ ಅಂತೀವಿ. ಆಯುರ್ವೇದದಾಗ ಸುಶ್ರುತ ಸಂಹಿತೆಯ ಶಾರೀರಸ್ಥಾನ ಪಿತ್ತ ಪ್ರಕೃತಿಯವನಿಗೆ ‘ಕ್ಷಿಪ್ರಕೋಪಪ್ರಸಾದ’ ಅನ್ನೋ ಲಕ್ಷಣ ಕೊಡ್ತದ: ಬೇಗ ಸಿಟ್ಟಿಗೇಳ್ತಾನ, ಅಷ್ಟೇ ಬೇಗ ಪ್ರಸನ್ನ ಆಗ್ತಾನ. ಬಳ್ಳಾರಿಯವರು ಹೇಳಿದ ಹುಲ್ಲಿನ ಬೆಂಕಿ ಒಂದೇ ಸಮಾಸದಾಗ ಬಂತು. ಆದ್ರ ಅಕ್ಕೋರ ಮಾವ ಪಿತ್ತದವ ಅಲ್ಲ. ಚರಕ ಸಂಹಿತೆಯ ವಿಮಾನಸ್ಥಾನ ಎಂಟನೇ ಅಧ್ಯಾಯದಾಗ ವಾತ ಪ್ರಕೃತಿಯವರ ಬಗ್ಗೆ ಹೇಳ್ಯದ: ವಾಯುವಿನ ಗುಣ ಶೀಘ್ರ, ಅದಕ್ಕ ಅವರು ಕೆಲಸ ಶುರು ಮಾಡೋದೂ ಶೀಘ್ರ, ಕ್ಷೋಭೆಗೊಳ್ಳೋದೂ ಶೀಘ್ರ. ಅಂಜಿಕಿ, ಒಲವು, ಬ್ಯಾಸರ ಮೂರೂ ಅವರಿಗೆ ಗಕ್ಕನೆ ಬರ್ತಾವ. ಎಕ್ಸೈಟಬಲ್ ಅನ್ನೋದರ ತೀರ ಹತ್ತಿರದ ವರ್ಣನೆ ಇದು. ಗಮನಿಸ್ರಿ, ಅಲ್ಲೂ ಒಂದೇ ಗುಣವಾಚಕ ಕೊಟ್ಟು ಬಿಟ್ಟಿಲ್ಲ. ‘ಶೀಘ್ರ’ ಅಂತ ಹೇಳಿ ಏನೇನು ಶೀಘ್ರ ಅನ್ನೋದನ್ನ ಬಿಡಿಸ್ಯಾರ.

ನಮ್ಮ ರಾಯಚೂರು ಜಿಲ್ಲಾದಾಗ 1948ರ ತನಕ ನಿಜಾಮರ ಆಡಳಿತ ಇತ್ತು, ಹಂಗಾಗಿ ಉರ್ದು ಪದ ಮಾತಿನಾಗ ಉಳಿದಾವ. ‘ಮಿಜಾಜು’ ಅವುಗಳಾಗ ಒಂದು. ಅರಬ್ಬಿಯ ಮಿಜಾಜ್ ಅಂದ್ರ ಮೂಲತಃ ಬೆರಕಿ, ಮಿಶ್ರಣ. ದೇಹದ ರಸಗಳು ಯಾವ ಪ್ರಮಾಣದಾಗ ಬೆರೆತಾವ ಅನ್ನೋದರ ಮ್ಯಾಲೆ ಸ್ವಭಾವ ಅನ್ನೋದು ಯುನಾನಿ ವೈದ್ಯದ ವಿಚಾರ. ಇಂಗ್ಲಿಷಿನ ‘ಟೆಂಪರಮೆಂಟ್’ ಬಂದದ್ದೂ ಲ್ಯಾಟಿನ್ನಿನ ಬೆರಕಿ ಅರ್ಥದ ಪದದಿಂದನೇ. ಹಂಗಾಗಿ ‘ಗರಂ ಮಿಜಾಜಿನವ’ ಅನ್ನೋದು ಸ್ವಭಾವದ ಮಾತು, ‘ಗರಂ ಆದ’ ಅನ್ನೋದು ಸ್ಥಿತಿಯ ಮಾತು. ಮಾಸ್ತರ ಪರೀಕ್ಷಾ ಇಲ್ಲೂ ನಡೀತದ.

ಹಂಗ ಅನುವಾದ ಮಾಡೋರು ವಿಜ್ಞಾನದಾಗ ಇದೇ ಪದ ಬಂದ್ರ ಮೋಸ ಹೋಗಬಾರದು. ನರ ಮತ್ತು ಸ್ನಾಯುವಿನ ಕೋಶಗಳಿಗೆ ‘ಎಕ್ಸೈಟಬಲ್ ಸೆಲ್’ ಅಂತಾರ. ಅಲ್ಲಿ ಸ್ವಭಾವ-ಸಿಟ್ಟು ಏನೂ ಇಲ್ಲ, ‘ಪ್ರಚೋದನೆಗೆ ಸ್ಪಂದಿಸುವ ಕೋಶ’ ಅಂದ್ರ ಸಾಕು.

ಹಳೆಗನ್ನಡ_ಕೊಪ್ಪಳ

ಮುಂಗೋಪಿ ಅರಿಸಮಾಸ ಅಲ್ಲೇನ್ರಿ? ‘ಮುಂ’ ಕನ್ನಡ, ‘ಕೋಪ’ ಸಂಸ್ಕೃತ. ಮಕ್ಕಳ ಪುಸ್ತಕದಾಗ ದೋಷ ಇರೋ ಪದ ಬಳಸಬಾರದು. 9ನೇ ಶತಮಾನದ ಕವಿರಾಜಮಾರ್ಗ ಇಂಥ ಕೂಡಿಕಿಯನ್ನ ಕುದಿಯೋ ಹಾಲಿಗೆ ಮಜ್ಜಿಗಿ ಹನಿ ಬೆರೆಸಿದಂಗ ಅಂತ ಹೇಳೈತಿ. ಕನ್ನಡದ ತಿರುಳಿನ ಸೀಮೆ ಹೇಳುವಾಗ ನಮ್ಮ ಕೊಪಣವನ್ನೂ ಹೆಸರಿಸಿದ ಗ್ರಂಥ ಅದು, ಅದರ ಮಾತು ಹಗುರ ಮಾಡಬಾರದು.

ಕೋಟೆಬೆಟ್ಟ_ಬಳ್ಳಾರಿ

ಕವಿರಾಜಮಾರ್ಗದ ಮಾತು ನಿಜ, ಗೌರವದಿಂದಲೇ ಹೇಳ್ತೀನಿ. ಆದ್ರೆ ಅರಿಸಮಾಸದ ನಿಯಮ ಇರೋದು ಕಿವಿಗೆ ಒಡಕಾಗಿ ಕೇಳೋ ಹೊಸ ಕೂಡಿಕೆಗಳನ್ನ ತಡೆಯೋಕೆ. ಬಳಕೆಯಲ್ಲಿ ಬೇರುಬಿಟ್ಟ ಪದಕ್ಕೆ ಅದನ್ನ ಹಚ್ಚಿದ್ರೆ ದಿನಗೂಲಿ ಅನ್ನೋದನ್ನೂ ಬಿಡಬೇಕಾಗುತ್ತೆ. ಮುಂಗೋಪದಲ್ಲಿ ಕಕಾರ ಗಕಾರ ಆಗಿದೆ ಅಂದ್ರೆ ಕನ್ನಡ ಆ ಪದವನ್ನ ತನ್ನ ಸಂಧಿಗೆ ಬಗ್ಗಿಸಿಕೊಂಡಿದೆ ಅಂತಲೇ ಅರ್ಥ. ಹಾಲು ಒಡೆದಿಲ್ಲ. ಒಡೆಯೋದು ‘ಬೇಗೋದ್ರೇಕಿ’ ಅಂತ ಯಾರಾದ್ರೂ ಈಗ ಕಟ್ಟೋಕೆ ಹೋದ್ರೆ.

ಹಳೆಗನ್ನಡ_ಕೊಪ್ಪಳ

ಸಂಧಿಯ ಮಾತು ಒಪ್ಪಿದೆ. ಹೊಸದು ಕಟ್ಟಬಾರದು ಅನ್ನೋದೇ ನನ್ನ ಕಾಳಜಿ.

ಎಡೆದೊರೆ_ಸೀಮೆ

ನಾಯಿ ಉಳೀತು. ಅಕ್ಕೋರ, ನಾಯಿಗೆ ಗುಣವಾಚಕನೇ ಬ್ಯಾಡ್ರಿ. ಇಂಗ್ಲಿಷ್ ಹೆಸರಿನ ಹಿಂದ ಒಂದು ಪದ ಕುಂದರಿಸಿ ಮುಂದ ಹೋಗ್ತದ, ಅದರ ದಾರಿ ಅದು. ಕನ್ನಡದಾಗ ಪ್ರಾಣಿಯ ಸ್ವಭಾವ ಹೇಳೋದು ಅದು ಏನು ಮಾಡ್ತದ ಅನ್ನೋದ್ರಿಂದ. ‘ಸಾಕು’ ಅನ್ನೋ ಪದ ಇದಕ್ಕೇ ಅದ: ‘ಚಿಲಕದ ಸಪ್ಪಳ ಆದರೆ ಸಾಕು’, ‘ಯಾರಾದರೂ ಚಪ್ಪಲಿ ಮೆಟ್ಟಿದರೆ ಸಾಕು’. ‘-ರೆ ಸಾಕು’ ಅಂದ ಕೂಡ್ಲೇ ಕಾರಣ ಸಣ್ಣದು, ಪರಿಣಾಮ ದೊಡ್ಡದು, ಮತ್ತ ಇದು ದಿನಾ ಆಗೋದು, ಮೂರೂ ಬಂದವು. ಅದೇ ಎಕ್ಸೈಟಬಲ್.

ಹಿರಿಯರ ಬಗ್ಗೆ ಬರಿಯುವಾಗ ಇನ್ನೊಂದು ಎಚ್ಚರ. ‘ಅಜ್ಜ ಮುಂಗೋಪಿ’ ಅಂದ್ರ ಹಣಿಗೆ ಚೀಟಿ ಅಂಟಿಸಿದಂಗ. ‘ಅಜ್ಜಾರಿಗೆ ಸಿಟ್ಟು ಜಲ್ದಿ ಬರ್ತದ’ ಅಂದ್ರ ಸಿಟ್ಟು ಹೊರಗಿಂದ ಅವರ ಕಡೆ ಬಂದಂಗ, ತಪ್ಪು ಅರ್ಧ ಸಿಟ್ಟಿನದು. ಚತುರ್ಥಿ ವಿಭಕ್ತಿ ಮಾಡೋ ಕೆಲಸ ಇದು. ಸಾಲಿಯ ಪ್ರಗತಿಪತ್ರದಾಗ ಹುಡುಗರ ಬಗ್ಗೆ ಬರಿಯುವಾಗಲೂ ‘ಸಿಡುಕ’ ಅನ್ನಬ್ಯಾಡ್ರಿ, ‘ಬೇಗ ಸಿಟ್ಟು ಬರುತ್ತದೆ’ ಅನ್ರಿ. ಮೊದಲನೇದು ಆ ಹುಡುಗನ ಹೆಸರೇ ಆಗಿಬಿಡ್ತದ.

ಕೊಪ್ಪಳ_ಅಕ್ಕೋರು

ಎಲ್ಲಾ ಕೂಡಿಸಿ ಹಿಂಗ ಬರದೀನಿ. ತಪ್ಪಿದ್ದರ ತಿದ್ದ್ರಿ.

‘ಸೋದರಮಾವ ಬೇಗ ಉಕ್ಕುವ ಜೀವ. ಕಾಗದ ಬಂದರೆ ಕುಣಿತ, ಬಸ್ಸು ತಪ್ಪಿದರೆ ಚೀರಾಟ, ಮದುವೆ ಹಾಡು ಕೇಳಿದರೆ ಕಣ್ಣೀರು.’

‘ಪಕ್ಕದ ಮನೆಯಲ್ಲಿ ಒಂದು ಪುಟ್ಟ ನಾಯಿ. ಚಿಲಕದ ಸಪ್ಪಳ ಆದರೆ ಸಾಕು, ನಾಲ್ಕು ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.’

‘ಅದು ಸಣ್ಣ ಮಾತಿಗೂ ಕೆರಳಿದ ಜನ. ಪಂಚರು ಕೈ ಎತ್ತುವ ಮೊದಲೇ ಎದ್ದು ನಿಂತರು.’

ಮಸ್ಕಿ_ಮಾಸ್ತರ

ಮೊದಲಿನ ಎರಡೂ ಹಂಗೇ ಇರಲಿ. ಮೂರನೇದ್ರಾಗ ‘ಕೆರಳಿದ’ ಅಲ್ಲ, ‘ಕೆರಳುವ’. ಅವರು ಎದ್ದು ನಿಂತದ್ದು ಮುಂದಿನ ವಾಕ್ಯದಾಗ.